ಮುಯ್ಯಿಗೆ ಹೋದ ಉಂಗುರಗಳು

ಹನುಮಸಾಗರದ ಸುತ್ತಿನ ಓಣಿಗಳಲ್ಲಿ ಒಂದು ಮಾತಿದೆ: ಹೆಣ್ಣುಮಕ್ಕಳ ಮುಂಗೈ ಅಳತೆ ಬಳೆಗಾರನಿಗೆ ಗೊತ್ತು, ಬೆರಳಿನ ಅಳತೆ ಕೊಟ್ರಪ್ಪನವರಿಗೆ ಗೊತ್ತು. ಆ ಮಾತಿನಲ್ಲಿ ಚೇಷ್ಟೆಯೂ ಇದೆ, ಗೌರವವೂ ಇದೆ. ಕೊಟ್ರಪ್ಪನವರು ಅಕ್ಕಸಾಲಿಗರಲ್ಲ. ಕುಷ್ಟಗಿಯಲ್ಲಿ ಕಚೇರಿ ಇರುವ ತರಕಾರಿ ಬೀಜದ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿ, ಹನುಮಸಾಗರ ಏರಿಯಾ ನೋಡಿಕೊಳ್ಳುತ್ತ ಕೂದಲು ನರೆಸಿಕೊಂಡವರು. ಬೀಜದ ಗೋದಾಮಿನ ಕಾವಲಿಗೆಂದು ಸೇರಿ, ಚೀಲ ತೂಗುವುದನ್ನು ಕಲಿತು, ಗಿಡದ ರೋಗ ಗುರುತಿಸುವುದನ್ನು ಕಲಿತು, ಕೊನೆಗೆ ಹೆಣ್ಣುಮಕ್ಕಳಿಗೆ ಸಿಟ್ಟು ಬರದ ಹಾಗೆ ತಪ್ಪು ತೋರಿಸುವುದನ್ನೂ ಕಲಿತು ಮೇಲೆ ಬಂದವರು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಅವರ ಹೆಂಡತಿ ಪಂಪಾವತಿ ಹೇಳುತ್ತಾರೆ. ಮನೆಯಲ್ಲಿ ಅದು ಅವರಿಗೆ ಇನ್ನೂ ಬಂದಿಲ್ಲವಂತೆ.

ಹೈಬ್ರಿಡ್ ಟೊಮೆಟೊ ಬೀಜ ಗಿಡದಲ್ಲಿ ತಾನಾಗಿ ಕಟ್ಟುವುದಿಲ್ಲ, ಕಟ್ಟಿಸಬೇಕು. ಮನೆಯ ಹಿಂದೆ ನೆರಳುಪರದೆ ಹೊದಿಸಿದ ಚಪ್ಪರದೊಳಗೆ, ಅಂದರೆ ನೆಟ್ಟಿನೊಳಗೆ, ಹೆಣ್ಣುಗಿಡದ ಮೊಗ್ಗು ಅರಳುವ ಮೊದಲೇ ಅದನ್ನು ಚಿಮಟದಿಂದ ಬಿಡಿಸಿ ಒಳಗಿನ ಕೇಸರ ಕೀಳಬೇಕು; ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡುಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಆ ಸೀಮೆಯಲ್ಲಿ ಈ ಕೆಲಸಕ್ಕೆ ಕ್ರಾಸಿಂಗ್ ಎಂದೇ ಹೆಸರು. ಪುಡಿ ತುಂಬುವ ಪುಟ್ಟ ಬಟ್ಟಲಿರುವ ಉಂಗುರವನ್ನು ಬೆರಳಿಗೆ ಹಾಕಿಕೊಂಡು ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಹೋಗುತ್ತಾರೆ. ಮೊದಮೊದಲು ಕಂಪನಿ ಕೊಡುತ್ತಿದ್ದ ಪ್ಲಾಸ್ಟಿಕ್ ಉಂಗುರಗಳೆಲ್ಲ ಒಂದೇ ಅಳತೆಯವು. ತೆಳ್ಳನೆಯ ಬೆರಳಿನಿಂದ ಜಾರುತ್ತಿದ್ದವು, ದಪ್ಪ ಬೆರಳಿಗೆ ಏರುತ್ತಲೇ ಇರಲಿಲ್ಲ. ಕೊಟ್ರಪ್ಪನವರು ಒಬ್ಬೊಬ್ಬರ ಬೆರಳಿಗೂ ದಾರ ಸುತ್ತಿಸಿ ಅಳತೆ ತೆಗೆದುಕೊಂಡು, ಕುಷ್ಟಗಿಯಲ್ಲಿ ಸ್ಟೋವು, ಕುಕ್ಕರು ರಿಪೇರಿ ಮಾಡುವ ಮಕ್ಬುಲಸಾಬರಿಂದ ಸ್ಟೀಲಿನ ಉಂಗುರಗಳನ್ನು ಮಾಡಿಸಿದರು. ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: “ಇದು ನಿನ್ನ ಕುಡಗೋಲು ಇದ್ದಂಗವ್ವಾ. ನಿನ್ನ ಕೈಯಾಗ ಇರಲಿ.”

ಆ ಮಾತನ್ನು ಓಣಿ ಅಕ್ಷರಶಃ ಪಾಲಿಸಿತು. ಅಲ್ಲಿ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ಇಂದು ನಿನ್ನ ನೆಟ್ಟಿನಲ್ಲಿ ನಾನು, ನಾಳೆ ನನ್ನ ನೆಟ್ಟಿನಲ್ಲಿ ನೀನು. ಕೂಲಿಯ ಮಾತಿಲ್ಲ, ದುಡಿಮೆಗೆ ದುಡಿಮೆಯೇ ಮರಳುತ್ತದೆ. ಮುಯ್ಯಿಗೆ ಹೋಗುವವಳು ತನ್ನ ಸಲಕರಣೆಯನ್ನು ತಾನೇ ಒಯ್ಯಬೇಕೆಂಬುದು ಸುಗ್ಗಿಯ ಕಾಲದಿಂದ ಬಂದ ರೀತಿ. ಬರಿಗೈಯಲ್ಲಿ ಹೋಗಿ ಕುಡಗೋಲು ಕೇಳಿದರೆ ಗೆಳತಿಯಾಗಿ ಹೋದವಳು ಆಳಾಗಿಬಿಡುತ್ತಾಳೆ. ಹೀಗೆ ಕುಡಗೋಲಿನ ಜಾಗದಲ್ಲಿ ಉಂಗುರ ಬಂದು ಕೂತಿತು. ಬೆಳಗ್ಗೆ ತನ್ನ ನೆಟ್ಟು ಮುಗಿಸಿ, ಉಂಗುರವನ್ನು ಸೆರಗಿನಿಂದ ಒರೆಸಿ, ಬಿಸಿಲೇರುವ ಮೊದಲು ಗೆಳತಿಯ ನೆಟ್ಟಿಗೆ ನಡೆಯುವುದು ರೂಢಿಯಾಯಿತು.

ಮೊದಲು ಒಂದು ಓಣಿಗೆ ಒಂದೇ ತಳಿ ಬರುತ್ತಿತ್ತು. ಮಾರುಕಟ್ಟೆ ಬದಲಾಗಿ ಕಂಪನಿ ಹಲವು ತಳಿಗಳನ್ನು ಕಳಿಸತೊಡಗಿದಾಗ, ಯಾವ ಮನೆಗೆ ಯಾವುದೆಂದು ಹಂಚುವ ಹೊಣೆ ಕೊಟ್ರಪ್ಪನವರ ಪಾಲಿಗೆ ಬಂತು. ಅವರು ಪಕ್ಕಪಕ್ಕದ ಮನೆಗಳಿಗೆ ಬೇಕೆಂದೇ ಬೇರೆ ಬೇರೆ ತಳಿ ಕೊಟ್ಟರು. ಒಂದು ಬೇಗ ಹೂ ಬಿಡುತ್ತದೆ, ಮತ್ತೊಂದು ತಡವಾಗಿ. ಎಲ್ಲರ ನೆಟ್ಟಿಗೂ ಒಮ್ಮೆಲೇ ಹೂವು ತುಂಬಿದರೆ ಯಾರು ಯಾರಿಗೆ ಮುಯ್ಯಿ ಹೋಗಬೇಕು? ಒಬ್ಬಳ ಹೂವು ಮುಗಿಯುತ್ತ ಬಂದಾಗ ಇನ್ನೊಬ್ಬಳದು ಶುರುವಾದರೆ ಕೈಗೆ ಕೈ ಕೂಡುತ್ತದೆ. ಆ ಹಂಚಿಕೆಯನ್ನು ಅವರು ಮಗಳ ಮದುವೆಯ ಪಂಕ್ತಿ ಕೂರಿಸುವಷ್ಟು ಆಸ್ಥೆಯಿಂದ ಮಾಡಿದ್ದರು.

ಅದರ ಮರುವರ್ಷದಿಂದ ಹನುಮಸಾಗರದ ಬೀಜ ತಿರಸ್ಕೃತವಾಗತೊಡಗಿತು. ಪ್ರತಿ ಮನೆಯ ಬೀಜದಲ್ಲೂ ಒಂದಿಷ್ಟನ್ನು ಕಂಪನಿಯವರು ಬಿತ್ತಿ, ಬೆಳೆದ ಗಿಡಗಳನ್ನು ಒಂದೊಂದಾಗಿ ನೋಡುತ್ತಾರೆ. ಎಲ್ಲ ಗಿಡಗಳೂ ಒಂದೇ ಚಹರೆಯವಾಗಿರಬೇಕು. ನಡುನಡುವೆ ಬೇರೆ ಜಾತಿಯವು ಕಂಡರೆ ಆ ಮನೆಯ ಬೀಜವೆಲ್ಲ ನಪಾಸು. ಒಂದು ಹಂಗಾಮು ಹೋಯಿತು, ಎರಡನೆಯದೂ ಹಾಗೇ ಹೋಯಿತು. ಮ್ಯಾನೇಜರ್ ಗೋವಿಂದರಾಜ ಕೊಟ್ರಪ್ಪನವರನ್ನು ಕಚೇರಿಗೆ ಕರೆಸಿ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಅಲ್ಲಿ ಕಂಪನಿಯ ಎಲ್ಲ ಏರಿಯಾಗಳೂ ಹಸಿರಾಗಿದ್ದವು. ಹನುಮಸಾಗರ ಒಂದೇ ಕೆಂಪಗಿತ್ತು.

ಗೋವಿಂದರಾಜ ಕಠಿಣ ಮನುಷ್ಯರೇನಲ್ಲ. ಗಂಗಾವತಿಯ ಅಕ್ಕಿ ವ್ಯಾಪಾರದಲ್ಲಿ ಪಳಗಿದವರು. ಕೆಟ್ಟ ಮಾಲಿಗೆ ಕಣ್ಣು ಮುಚ್ಚಿದರೆ ಒಳ್ಳೆಯ ಮಾಲಿನ ಹೆಸರೂ ಹೋಗುತ್ತದೆಂದು ಬಲ್ಲವರು. ಹೆಣ್ಣುಮಕ್ಕಳು ಕೇಸರ ಕೀಳುವುದರಲ್ಲಿ ಅಲಕ್ಷ್ಯ ಮಾಡುತ್ತಿರಬೇಕು, ಮುಂದಿನ ಹಂಗಾಮಿನ ಸಸಿ ಹಂಚುವುದರೊಳಗೆ ಏರಿಯಾ ಮುಚ್ಚುವ ವಿಚಾರವಿದೆ ಎಂದರು. ಕೊಟ್ರಪ್ಪನವರನ್ನು ಗಂಗಾವತಿಯ ಗೋದಾಮಿಗೆ ತೆಗೆದುಕೊಳ್ಳುತ್ತೇವೆ, ಅವರ ನೌಕರಿಗೇನೂ ಧಕ್ಕೆಯಿಲ್ಲ ಎಂದೂ ಸೇರಿಸಿದರು. ತೀರ್ಮಾನಕ್ಕೆ ಮೊದಲು ಕಂಪನಿಯ ಅಂಕಿಸಂಖ್ಯೆಯನ್ನೆಲ್ಲ ಜಾಲಾಡಿ ನೋಡಲು ಕಚೇರಿಯ ಹುಡುಗಿ ದಾನೇಶ್ವರಿಗೆ ಹೇಳಿದ್ದರು.

ಮನೆಗೆ ಬಂದ ಕೊಟ್ರಪ್ಪನವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಗೋದಾಮಿನ ಮಾತು ಅವರನ್ನು ಕಾಡಲಿಲ್ಲ. ನೆಟ್ಟುಗಳು ಬರುವ ಮೊದಲು ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲೇ ಟಂಟಂ ಆಟೋ ಹತ್ತಿ, ಕೂಸುಗಳನ್ನು ಮುದುಕಿಯರ ಮಡಿಲಿಗೆ ಹಾಕಿ, ಕಂಡವರ ಹೊಲಗಳಿಗೆ ಹೋಗುತ್ತಿದ್ದುದನ್ನು ಅವರು ನೋಡಿದ್ದರು. ಮನೆಯ ಹಿಂದೆಯೇ ದುಡಿಮೆ ಇದೆ ಬರ್ರಿ ಎಂದು ಅವರನ್ನು ಆ ಟಂಟಂನಿಂದ ಇಳಿಸಿದ್ದು ತಾವು. ಈಗ ಮತ್ತೆ ಹತ್ತಿರಿ ಎಂದು ಹೇಳಬೇಕಾದವರೂ ತಾವೇ.

ದಾನೇಶ್ವರಿ ಯಲಬುರ್ಗಾದ ಬಟ್ಟೆ ವ್ಯಾಪಾರಿಯ ಮಗಳು. ಎಂ.ಬಿ.ಎ. ಓದಿ, ಅದರಲ್ಲೂ ಅನಾಲಿಟಿಕ್ಸ್ ಎಂಬ ವಿದ್ಯೆ ಕಲಿತು, ದಿನವೂ ಬಸ್ಸಿನಲ್ಲಿ ಕುಷ್ಟಗಿಗೆ ಬಂದು ಹೋಗುವ ಹುಡುಗಿ. ಆ ವಿದ್ಯೆ ಎಂದರೇನೆಂದು ಕೊಟ್ರಪ್ಪನವರು ಒಮ್ಮೆ ಕೇಳಿದ್ದಕ್ಕೆ, ಅಂಗಡಿಯಲ್ಲಿ ಯಾವ ಸೀರೆ ಖರ್ಚಾಯಿತು ಎಂದು ಬರೆಯುವುದು ಲೆಕ್ಕ, ಯಾಕೆ ಖರ್ಚಾಯಿತು ಎಂದು ಹುಡುಕುವುದು ಅನಾಲಿಟಿಕ್ಸ್ ಎಂದು ಹೇಳಿದ್ದಳು. ಈಗ ಅವಳು ತಮ್ಮ ಓಣಿಯ ಹಣೆಬರಹ ಬರೆಯಲು ಕೂತಿದ್ದಾಳೆಂದು ಅವರಿಗೆ ಒಳಗೊಳಗೇ ಅಳುಕು. ಆದರೆ ಅವಳು ಮೊದಲು ಮಾಡಿದ ಕೆಲಸವೆಂದರೆ ಅವರನ್ನೇ ಕರೆದು ಪಕ್ಕದಲ್ಲಿ ಕುರ್ಚಿ ಹಾಕಿದ್ದು.

ನಪಾಸಾದ ಬೀಜದಿಂದ ಬೆಳೆದ ಬೇರೆ ಜಾತಿಯ ಗಿಡಗಳ ಫೋಟೋಗಳನ್ನು ಅವಳು ಪರೀಕ್ಷೆಯ ತಾಕಿನಿಂದ ತರಿಸಿಕೊಂಡಿದ್ದಳು. ಕೆಂಪು ಬಣ್ಣದಿಂದ ಎಲ್ಲಿ ಎಂದಷ್ಟೇ ತಿಳಿಯುತ್ತದೆ, ಏನಾಗಿದೆ ಎಂಬುದು ತಿಳಿಯುವುದಿಲ್ಲ ಎಂಬುದು ಅವಳ ವಾದ.

“ಕೇಸರ ಕೀಳೋದು ತಪ್ಪಿದ್ರ ಹೂವು ತನ್ನ ಪುಡಿಯಿಂದನ ಬೀಜ ಕಟ್ಟಿ, ಗಿಡ ತಾಯಿ ಹಂಗ ಇರಬೇಕಲ್ರಿ, ಕಾಕಾರ. ಇವು ಹಂಗಿಲ್ಲ. ತಾಯಿ ಅದೇ ಐತಿ, ತಂದಿ ಬ್ಯಾರೆ.”

“ಮೆಲ್ಲಕ ಅನ್ನವ್ವಾ. ಓಣ್ಯಾಗ ಯಾರರ ಕೇಳಿದ್ರ ಬ್ಯಾರೇನ ತಿಳಕೊಂಡಾರು.”

ದಾನೇಶ್ವರಿ ನಕ್ಕಳು. ಕೊಟ್ರಪ್ಪನವರ ಎದೆಯಿಂದ ಒಂದು ಭಾರ ಇಳಿದಿತ್ತು. ಹೆಣ್ಣುಮಕ್ಕಳು ಅಲಕ್ಷ್ಯ ಮಾಡಿಲ್ಲ, ಅಷ್ಟಂತೂ ಸಿದ್ಧವಾಯಿತು. ಆದರೆ ಈ ಬೇರೆ ತಂದೆಯರು ಬಂದದ್ದೆಲ್ಲಿಂದ? ಅವಳು ಒಂದೊಂದು ಗಿಡದ ಎಲೆ, ಕಾಯಿಯ ಆಕಾರ ನೋಡಿ, ಕಂಪನಿಯ ಯಾವ ಗಂಡುತಳಿಯ ಗುಣ ಎಂದು ತಜ್ಞರಿಂದ ಗುರುತು ಮಾಡಿಸಿದಳು. ಆಮೇಲೆ ಓಣಿಯ ನಕಾಶೆಯ ಮೇಲೆ, ಯಾವ ಮನೆಯ ಬೀಜದಲ್ಲಿ ಯಾವ ಮನೆಯ ಗಂಡುತಳಿ ಕಂಡಿತೋ ಆ ಎರಡು ಮನೆಗಳ ನಡುವೆ ಗೆರೆ ಎಳೆಯುವಂತೆ ಕಂಪ್ಯೂಟರಿಗೆ ಹೇಳಿದಳು. ಗಾಳಿಯಿಂದಲೋ ಹುಳುವಿನಿಂದಲೋ ಆಗಿದ್ದರೆ ಹತ್ತಿರದ ನೆಟ್ಟಿನಿಂದ ಹತ್ತಿರದ ನೆಟ್ಟಿಗೆ ಗೆರೆ ಹೋಗಬೇಕಿತ್ತು. ಇವು ಪಕ್ಕದ ಮನೆ ಬಿಟ್ಟು ಓಣಿಯ ಆ ತುದಿಗೆ ಹಾರಿದ್ದವು.

“ಈ ಗೆರಿ ಯಾಕ ಹಿಂಗ ಹೋಗ್ಯಾವ ನನಗ ತಿಳೀವಲ್ದು. ನಿಮಗೇನರ ಅನಸ್ತತ್ರಿ?”

ಕೊಟ್ರಪ್ಪನವರು ಕನ್ನಡಕ ಏರಿಸಿ ಬಗ್ಗಿದರು. ಅಮರಮ್ಮನ ಮನೆಯಿಂದ ಶಬೀನಾಳ ಮನೆಗೆ ದಪ್ಪನೆಯ ಗೆರೆ. ಶಬೀನಾಳಿಂದ ಮೂಲೆಮನೆಯ ದ್ರಾಕ್ಷಾಯಿಣಿಗೆ, ಅಲ್ಲಿಂದ ಮತ್ತೆ ಅಮರಮ್ಮನಿಗೆ. ಅವರ ಮುಖ ಅರಳಿತು.

“ಇದು ನಮ್ಮ ಓಣಿ ಮುಯ್ಯಿ ನೋಡವ್ವಾ! ಅಮರಮ್ಮ, ಶಬೀನಾ ಭಾಳ ಗೆಳತ್ಯಾರು, ಅದಕ್ಕ ಗೆರಿ ದಪ್ಪ ಐತಿ. ಎಷ್ಟು ಛಲೋ ಬಂದೈತಿ.”

ದಾನೇಶ್ವರಿಯ ಬೆರಳು ಒಂದೂ ಗೆರೆ ಮುಟ್ಟದ ಒಂದು ಮನೆಯ ಮೇಲೆ ನಿಂತಿತ್ತು. ಅದು ಹುಲಗಮ್ಮನ ಮನೆ. ಎರಡೂ ಹಂಗಾಮಿನಲ್ಲಿ ಅವಳ ಬೀಜ ಅಪ್ಪಟ ಶುದ್ಧ. ಅವಳನ್ನು ಮಾದರಿ ರೈತಮಹಿಳೆ ಎಂದು ಸನ್ಮಾನಿಸಬೇಕೆಂದು ಗೋವಿಂದರಾಜ ಹೇಳುತ್ತಿದ್ದರು. ಈಕೆಯ ಕೈಗುಣವೇನು ಎಂದು ದಾನೇಶ್ವರಿ ಕೇಳಿದಳು. ಕೊಟ್ರಪ್ಪನವರು ನಿಧಾನವಾಗಿ ಹೇಳಿದರು: ಕೈಗುಣವೇನಿಲ್ಲ, ಆಕೆಯ ನೆಟ್ಟಿಗೆ ಯಾರೂ ಹೋಗುವುದಿಲ್ಲ. ಅಮರಮ್ಮನ ತಮ್ಮನ ಮಗನಿಗೆ ತನ್ನ ಮಗಳನ್ನು ಕೊಡುತ್ತೇನೆಂದು ಒಪ್ಪಿ, ಆಮೇಲೆ ಹುಲಗಮ್ಮ ಹಿಂದೆ ಸರಿದಿದ್ದಳು. ಅಂದಿನಿಂದ ಓಣಿ ಅವಳ ಮುಯ್ಯಿ ಬಿಟ್ಟಿತ್ತು. ಅವಳೂ ಗಂಡ ಗೋಣೆಪ್ಪನೂ ಇಬ್ಬರೇ, ಸೊಂಟ ಬೀಳುವವರೆಗೆ, ಅಷ್ಟೂ ಹೂವು ಮುಟ್ಟಿಸುತ್ತಿದ್ದರು.

ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಿತು. ಯಾರೂ ಕಾಲಿಡದ ನೆಟ್ಟಿನ ಬೀಜ ಶುದ್ಧ. ಎಲ್ಲರೂ ಪ್ರೀತಿಯಿಂದ ಹೋಗಿ ಬರುವ ನೆಟ್ಟುಗಳದ್ದು ಕೆಟ್ಟಿದೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಇವರು ಏನು ಒಯ್ಯುತ್ತಾರೆ ಎಂದು ದಾನೇಶ್ವರಿ ಕೇಳಿದಾಗ, ಅವರು ತಮ್ಮ ಬರಿ ಬೆರಳನ್ನೇ ನೋಡುತ್ತಿದ್ದರು. ಉಂಗುರದ ಬಟ್ಟಲು ಕೂರುವಲ್ಲಿ ಮಕ್ಬುಲಸಾಬರು ಬೆಸುಗೆ ಹಾಕಿದ ಸಂದಿ ಇದೆ. ಸೆರಗಿನಿಂದ ಒರೆಸಿದರೆ ಬಟ್ಟಲು ಹೊಳೆಯುತ್ತದೆ. ಸಂದಿಯಲ್ಲಿ ಪುಡಿ ಉಳಿಯುತ್ತದೆ.

ಹೇಳದೆ ಇರಬಹುದಿತ್ತು. ಅವಳಿಗೆ ಈ ಸ್ಟೀಲಿನ ಉಂಗುರದ ವಿಷಯವೇ ಗೊತ್ತಿರಲಿಲ್ಲ. ಕೊಟ್ರಪ್ಪನವರು ಹೇಳಿದರು, ಅಳತೆ ತೆಗೆದದ್ದರಿಂದ ಹಿಡಿದು ಹೂವಿನ ಹೊತ್ತು ನೋಡಿ ತಳಿ ಹಂಚಿದ್ದರವರೆಗೆ. ದಾನೇಶ್ವರಿ ಅದನ್ನು ಹಾಗೆಯೇ ನಂಬಲಿಲ್ಲ. ಅವಳ ವಿದ್ಯೆ ಅದಕ್ಕೆ ಒಪ್ಪದು. ಮರುದಿನ ಇಬ್ಬರೂ ಓಣಿಗೆ ಹೋಗಿ, ಒರೆಸಿಟ್ಟ ಕೆಲವು ಉಂಗುರಗಳನ್ನು ಕೇಳಿ ತಂದು, ಕಚೇರಿಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಸಂದಿಗಳಲ್ಲಿ ಪರಾಗದ ಕಣಗಳು ಅಂಟಿಕೊಂಡಿದ್ದವು. ಓಣಿಗೆ ಒಂದೇ ತಳಿ ಇದ್ದ ವರ್ಷಗಳ ಫಲಿತಾಂಶಗಳನ್ನೂ ಅವಳು ತೆಗೆದು ನೋಡಿದಳು. ಆಗಲೂ ಇವೇ ಉಂಗುರಗಳು, ಇದೇ ಮುಯ್ಯಿ; ಆದರೆ ಎಲ್ಲರ ಪುಡಿಯೂ ಒಂದೇ ಆಗಿದ್ದರಿಂದ ಯಾರ ಬೀಜವೂ ಕೆಟ್ಟಿರಲಿಲ್ಲ.

ವರದಿ ಬರೆಯುವಾಗ ಅವಳ ಕೈ ತಡೆಯಿತು. ಉಂಗುರ ಎನ್ನುವ ಬದಲು ಸಲಕರಣೆ ಎಂದಷ್ಟೇ ಬರೆದರೆ ಸಾಕಲ್ಲವೇ, ಯಾರು ಮಾಡಿಸಿದ್ದು, ಯಾರು ಹಂಚಿದ್ದು ಎಂಬುದು ಬೇಕಿಲ್ಲ ಎಂದಳು.

“ಬರಿಯವ್ವಾ, ಕೊಟ್ರಪ್ಪ ಕೊಟ್ಟ ಉಂಗುರ ಅಂತ ಬರಿ. ಇಲ್ಲಾಂದ್ರ ಅವರು ಮತ್ತ ಹೆಣ್ಣುಮಕ್ಕಳ ಮ್ಯಾಲೆ ಹಾಕ್ತಾರ.”

ಗೋವಿಂದರಾಜ ವರದಿಯನ್ನು ಎರಡು ಸಲ ಓದಿದರು. ತಳಿ ಹೆಚ್ಚಿಸಿದಾಗ ಸಲಕರಣೆಯ ಬಗ್ಗೆ ಯೋಚಿಸದಿದ್ದುದು ಕಚೇರಿಯ ತಪ್ಪೂ ಹೌದೆಂದು ಒಪ್ಪಿದರು. ಒಂದು ಹಂಗಾಮು ನೋಡೋಣ, ಮತ್ತೆ ನಪಾಸಾದರೆ ಮುಚ್ಚುವುದೇ ಎಂದರು. ಷರತ್ತುಗಳಿದ್ದವು. ಒಂದು ನೆಟ್ಟಿನ ಉಂಗುರ ಇನ್ನೊಂದಕ್ಕೆ ಹೋಗಕೂಡದು. ತಳಿ ಹಂಚುವ ಕೆಲಸವನ್ನು ಇನ್ನು ಮೇಲೆ ಕಚೇರಿಯಲ್ಲಿ ದಾನೇಶ್ವರಿ ಮಾಡುತ್ತಾಳೆ. ಈ ಎರಡನೆಯ ಮಾತಿಗೆ ಕೊಟ್ರಪ್ಪನವರು ತಲೆಯಾಡಿಸಿದರಾದರೂ, ಹೊರಗೆ ಬಂದು ಗಾಡಿಯ ಕೀಲಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತರು. ದಾನೇಶ್ವರಿ ಚಹಾ ತರಿಸಿಕೊಟ್ಟು ಪಕ್ಕದಲ್ಲಿ ನಿಂತಳು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ನೀರಿನ ಪಾಳಿ ಎಂದು ನನಗೆ ಹೇಗೆ ತಿಳಿಯಬೇಕು, ಹಂಚುವ ಮೊದಲು ನಿಮ್ಮನ್ನು ಕೇಳದೆ ನಾನು ಮುಂದುವರಿಯುವುದಿಲ್ಲ ಎಂದಳು. ಅವರು ಚಹಾ ಕುಡಿದರು.

ಅಮರಮ್ಮನ ಮನೆಯ ಕಟ್ಟೆಯ ಮೇಲೆ ಓಣಿ ಕೂಡಿತು. ಹುಲಗಮ್ಮ ಬೇವಿನ ಮರದ ಹತ್ತಿರ, ಎಲ್ಲರಿಗೂ ದೂರವಾಗಿ ನಿಂತಿದ್ದಳು. ಕೊಟ್ರಪ್ಪನವರು ಎಲ್ಲವನ್ನೂ ವಿವರಿಸಿ ಉಂಗುರ ಮರಳಿ ಕೇಳಿದರು. ಉಂಗುರಗಳು ನೆಟ್ಟಿನಲ್ಲೇ ಇರುತ್ತವೆ, ಹೋದವರು ಅಲ್ಲಿಯದನ್ನೇ ಹಾಕಿಕೊಳ್ಳಬೇಕು ಎಂದರು. ಯಾರೂ ಬೆರಳಿನಿಂದ ಉಂಗುರ ತೆಗೆಯಲಿಲ್ಲ. ಸಿಟ್ಟಿನಿಂದ ಅಲ್ಲ, ಅವರಿಗೆ ನಾಚಿಕೆಯಾಗಿತ್ತು.

“ಬರಿಗೈಲೆ ಮುಯ್ಯಿಗೆ ಹೋಗು ಅಂತೀರಲ್ರೀ ಅಣ್ಣಾರ,” ಎಂದಳು ಅಮರಮ್ಮ. “ಹೋಗಿ ಆಕಿ ಉಂಗುರ ಹಾಕ್ಕೊಂಡು ದುಡದ್ರ ಅದು ಕೂಲಿ ಆಗ್ತೈತಿ, ಮುಯ್ಯಿ ಆಗಂಗಿಲ್ಲ. ಕೂಲಿಗೇ ಹೋಗೋದಾದ್ರ ಟಂಟಂ ಏನು ತಪ್ಪು ಮಾಡಿತ್ತು?”

ದಾನೇಶ್ವರಿ ಕೊಟ್ರಪ್ಪನವರ ಮುಖ ನೋಡಿದಳು. ಅವರು ತಡವರಿಸುತ್ತ ಒಂದು ಮಾತು ಹೇಳಿದರು. ಉಂಗುರ ಆ ಮನೆಯವರದಾಗುವುದು ಬೇಡ, ಹೋಗುವವಳದ್ದೇ ಇರಲಿ. ಎಷ್ಟು ಮನೆಗೆ ಮುಯ್ಯಿ ಇದೆಯೋ ಅಷ್ಟು ಉಂಗುರ ಅವಳ ಅಳತೆಯಲ್ಲೇ, ಬೆಸುಗೆಯ ಸಂದಿಯಿಲ್ಲದ ಹಾಗೆ ಮಾಡಿಸೋಣ. ಹಂಗಾಮು ಶುರುವಾಗುವ ದಿನ ಅವಳೇ ಒಯ್ದು ಗೆಳತಿಯ ನೆಟ್ಟಿನಲ್ಲಿ ಮೊಳೆಗೆ ತೂಗುಹಾಕಿ ಬರಲಿ. ಹಂಗಾಮು ಮುಗಿಯುವವರೆಗೆ ಅದು ಅಲ್ಲೇ ಇರಲಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದರೆ ನನ್ನ ಸಲಕರಣೆ ನಾನು ಒಯ್ದಂತೆಯೇ ಆಯಿತು, ಮರಳಿ ತರುವುದಷ್ಟೇ ತಡವಾಗಿ ಎಂದು ಶಬೀನಾ ಲೆಕ್ಕ ಹಾಕಿದಳು. ಬೆರಳುಗಳಿಂದ ಹಳೆಯ ಉಂಗುರಗಳು ಇಳಿಯತೊಡಗಿದವು. ಕೆಲವು ಸೋಪು ಹಚ್ಚಿದ ಮೇಲೆ. ಕೊಟ್ರಪ್ಪನವರು ದಾರ ತೆಗೆದು ಹೊಸದಾಗಿ ಅಳತೆ ಹಿಡಿಯಲು ಕೂತರು. ಅಷ್ಟು ಹೊತ್ತೂ ಮಾತಾಡದಿದ್ದ ಹುಲಗಮ್ಮ ಬೇವಿನ ಬುಡದಿಂದಲೇ ಕೇಳಿದಳು:

“ನನ್ನ ನೆಟ್ಟಿನ್ಯಾಗ ಮೊಳಿ ಹೊಡೀಲ್ಯೋ ಬ್ಯಾಡೋ?”

ಅಮರಮ್ಮ ಅತ್ತ ತಿರುಗಲಿಲ್ಲ. ತನ್ನ ಬೆರಳನ್ನು ಕೊಟ್ರಪ್ಪನವರ ಮುಂದೆ ಚಾಚಿ, ಶಬೀನಾಗೊಂದು, ದ್ರಾಕ್ಷಾಯಿಣಿಗೊಂದು ಎಂದು ಎಣಿಸಿದಳು.

“ಇನ್ನೊಂದು ಹೆಚ್ಚಿಗಿ ಮಾಡಸ್ರಿ,” ಎಂದಳು ಆಮೇಲೆ. “ಎಲ್ಲಿಗೆ ಅಂತ ಕೇಳಬ್ಯಾಡ್ರಿ.”

ಕೊಟ್ರಪ್ಪನವರು ಕೇಳಲಿಲ್ಲ. ದಾರಕ್ಕೆ ಗಂಟು ಹಾಕುವಾಗ ಅವರ ಕಣ್ಣು ಮಂಜಾಗಿ ಗಂಟು ಎರಡು ಸಲ ತಪ್ಪಿತು.

ಆ ಹಂಗಾಮಿನಲ್ಲಿ ಅಮರಮ್ಮ ಹುಲಗಮ್ಮನ ನೆಟ್ಟಿಗೆ ಹೋದಳು. ಮಾತು ಕಡಿಮೆ, ಕೆಲಸ ಹೆಚ್ಚು. ಆದರೆ ಹುಲಗಮ್ಮ ಮುಯ್ಯಿ ತೀರಿಸಲು ಅಮರಮ್ಮನಲ್ಲಿಗೆ ಹೋಗಲಿಲ್ಲ. ಅವಳಿಗೆ ಭಯ. ತಾನು ಕಾಲಿಟ್ಟ ಮೇಲೆ ಆಕೆಯ ಬೀಜ ನಪಾಸಾದರೆ, ಏರಿಯಾ ಮುಚ್ಚಿದರೆ, ಮದುವೆ ಕೆಡಿಸಿದವಳೇ ಬೀಜವನ್ನೂ ಕೆಡಿಸಿದಳು ಎನ್ನುತ್ತಾರೆಂದು ಗೋಣೆಪ್ಪನ ಮುಂದೆ ಅತ್ತಿದ್ದಳಂತೆ. ಕೊಟ್ರಪ್ಪನವರು ಒತ್ತಾಯಿಸಲಿಲ್ಲ. ಅವರಿಗೂ ಅದೇ ಭಯವಿತ್ತು. ಅವಳ ಶುದ್ಧ ಬೀಜದ ನೆಟ್ಟಿಗೆ ಈಗ ಇನ್ನೊಬ್ಬರ ಕೈ ಸೇರಿದೆ. ಅದೂ ಕೆಟ್ಟರೆ ಮುಯ್ಯಿಯೇ ಕೇಡು ಎಂದು ಲೆಕ್ಕ ಹೇಳುತ್ತದೆ, ಓಣಿಯ ಪರವಾಗಿ ಆಡಲು ಮಾತು ಉಳಿಯುವುದಿಲ್ಲ.

ಬೀಜ ಹೋಯಿತು. ಪರೀಕ್ಷೆಯ ತಾಕಿನಲ್ಲಿ ಮೊಳೆತು ಗಿಡವಾಗುವ ಹೊತ್ತಿಗೆ ಇಲ್ಲಿ ಮುಂದಿನ ಹಂಗಾಮಿನ ಹೂವು ಬರತೊಡಗಿತ್ತು. ಫಲಿತಾಂಶ ಕೈಗೆ ಬಂದ ಬೆಳಗ್ಗೆ ದಾನೇಶ್ವರಿ ಫೋನು ಮಾಡಿದಳು. ಓಣಿಯ ಬೀಜ ಪಾಸಾಗಿತ್ತು, ದ್ರಾಕ್ಷಾಯಿಣಿಯದೊಂದನ್ನು ಬಿಟ್ಟು. ಅವಳ ನೆಟ್ಟನ್ನು ಆಡು ಹರಿದು ಹಾಕಿ ಹುಳುಗಳು ಒಳಹೊಕ್ಕಿದ್ದವು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಗೋವಿಂದರಾಜ ಏರಿಯಾ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಿದ್ದರು. ದಾನೇಶ್ವರಿ ಇನ್ನೂ ಏನೇನೋ ಅಂಕಿಗಳನ್ನು ಹೇಳುತ್ತಿದ್ದಳು. ಕೊಟ್ರಪ್ಪನವರಿಗೆ ಅವು ಕೇಳಿಸಲಿಲ್ಲ. ಅವರು ಆಗಲೇ ಗಾಡಿ ತಿರುಗಿಸಿದ್ದರು.

ಹುಲಗಮ್ಮನ ನೆಟ್ಟಿನೊಳಗೆ ಇಬ್ಬರ ದನಿ ಕೇಳುತ್ತಿತ್ತು. ಯಾವುದೋ ಸಾಲು ಬಿಟ್ಟುಹೋಗಿದೆ ಎಂದು ಅಮರಮ್ಮ, ಇಲ್ಲವೆಂದು ಹುಲಗಮ್ಮ. ಕೊಟ್ರಪ್ಪನವರು ಪರದೆಯ ಆಚೆಯಿಂದಲೇ ಸುದ್ದಿ ಹೇಳಿದರು. ಏರಿಯಾ ಉಳಿಯಿತು, ಇಬ್ಬರ ಬೀಜವೂ ಪಾಸು. ಒಳಗಿನಿಂದ ಹುಲಗಮ್ಮನ ದನಿ ಬಂತು.

“ಹಂಗಾರ ನಾಳೆ ನಾ ನಿಮ್ಮ ನೆಟ್ಟಿಗೆ ಬರ್ತೀನಿ, ಅಕ್ಕ.”

“ನಾಳೆ ಶಬೀನಾ ಬರ್ತಾಳ. ನಾಡಿದ್ದು ಬಾ,” ಎಂದಳು ಅಮರಮ್ಮ, ಹೂವಿನಿಂದ ಕಣ್ಣು ಎತ್ತದೆ. “ರೊಟ್ಟಿ ಕಟಗೊಂಡು ಬರಬ್ಯಾಡ. ಮನ್ಯಾಗ ಮಾಡಿರ್ತೀನಿ.”